ಇಂಗ್ಲೆಂಡಿನ ನಮ್ಮ ಕೌನ್ಸಿಲ್‌ನ ಬೆನಿಫಿಟ್ಸ್ ವಿಭಾಗ: ವರ್ಷಗಟ್ಟಲೆ ವ್ಯವಹರಿಸಿದ ಮೇಲೆ 5ಕ್ಕೆ 2

ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಶಾಲೆಯ ಅಡುಗೆಮನೆಯಲ್ಲಿ ಪಾರ್ಟ್‌ಟೈಮ್, ನಮ್ಮ ಮನೆಯವರು ವೇರ್‌ಹೌಸ್‌ನಲ್ಲಿ. ಅವರಿಗೆ ಒಂದು ವಾರ ಕೆಲಸ ಜಾಸ್ತಿ, ಇನ್ನೊಂದು ವಾರ ಏನೂ ಇಲ್ಲ. ಇಲ್ಲೇ ನೆಲೆಸುವ ಅನುಮತಿ ಸಿಕ್ಕ ಮೇಲೆ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಹೌಸಿಂಗ್ ಬೆನಿಫಿಟ್‌ಗೂ (ಕಡಿಮೆ ಆದಾಯದವರಿಗೆ ಸಿಗುವ ಬಾಡಿಗೆ ಸಹಾಯ) ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಗೂ ಅರ್ಜಿ ಹಾಕಿದೆವು. ಆವತ್ತಿನಿಂದ ಈ ವಿಭಾಗದ ಜೊತೆ ನಮ್ಮ ವ್ಯವಹಾರ ನಿಂತಿಲ್ಲ. ಸಹಾಯ ಸಿಕ್ಕಿದೆ, ಅದನ್ನು ಮರೆಯುವುದಿಲ್ಲ. ಆದರೆ ಅದಕ್ಕಾಗಿ ಪಟ್ಟ ಪಾಡು ಬೇರೆ ಯಾರಿಗೂ ಬೇಡ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಕೌನ್ಸಿಲ್ ಟ್ಯಾಕ್ಸ್ ನಮ್ಮೂರಿನ ಮನೆ ಕಂದಾಯದ ಥರ. ಆದರೆ ಸಾಮಾನ್ಯವಾಗಿ ಕಟ್ಟಬೇಕಾದವರು ಓನರ್ ಅಲ್ಲ, ಮನೆಯಲ್ಲಿ ವಾಸ ಇರುವವರು. 2013ರ ಏಪ್ರಿಲ್‌ವರೆಗೆ ಆ ತೆರಿಗೆಯ ರಿಯಾಯಿತಿಗೆ ದೇಶಕ್ಕೆಲ್ಲ ಒಂದೇ ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್ ಇತ್ತು. ಆಮೇಲೆ ಸರ್ಕಾರ ಆ ಬಾಬ್ತಿನ ಹಣದಲ್ಲಿ ಶೇ. 10 ಕಡಿತ ಮಾಡಿತು. ಇಂಗ್ಲೆಂಡಿನಲ್ಲಿ ಪ್ರತಿ ಕೌನ್ಸಿಲ್ ತನ್ನದೇ ಸ್ಕೀಮ್ ಮಾಡಿಕೊಳ್ಳಬೇಕಾಯಿತು. ಪಿಂಚಣಿ ವಯಸ್ಸಿನವರಿಗೆ ಮಾತ್ರ ಹಳೆಯ ರಕ್ಷಣೆ ಉಳಿಯಿತು. ಹಾಗಾಗಿ ಒಂದೇ ಸಂಬಳದ ಎರಡು ಕುಟುಂಬಗಳು ಅಕ್ಕಪಕ್ಕದ ಕೌನ್ಸಿಲ್‌ಗಳಲ್ಲಿದ್ದರೆ ಕಟ್ಟುವ ದುಡ್ಡು ಬೇರೆ ಬೇರೆ ಆಗಬಹುದು. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ನನ್ನ ಮೊದಲ ದೂರು ಲೆಕ್ಕದ್ದು. ನನಗೆ ಸಂಬಳ ಬರುವುದು ತಿಂಗಳಿಗೊಮ್ಮೆ. ಅವರು ಅದನ್ನು ನಾಲ್ಕು ವಾರಕ್ಕೊಮ್ಮೆ ಬರುವ ಸಂಬಳ ಅಂತ ಹಿಡಿದರು. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಕೈಗೆ 900 ಪೌಂಡ್ ಬರುತ್ತದೆ ಅಂತ ಇಟ್ಟುಕೊಳ್ಳಿ. 4ರಿಂದ ಭಾಗಿಸಿದರೆ ವಾರಕ್ಕೆ 225. ನಿಯಮದ ಪ್ರಕಾರ ತಿಂಗಳ ಸಂಬಳವನ್ನು 12ರಿಂದ ಗುಣಿಸಿ 52ರಿಂದ ಭಾಗಿಸಬೇಕು, ಆಗ ಬರುವುದು 207.69. ಇಲ್ಲದ 17 ಪೌಂಡ್ ಚಿಲ್ಲರೆ ಪ್ರತಿ ವಾರ ನಮ್ಮ ಆದಾಯಕ್ಕೆ ಸೇರಿಹೋಗುತ್ತದೆ. ಆದಾಯ ಮಿತಿ ದಾಟಿದ ಪ್ರತಿ ಪೌಂಡಿಗೂ ಹೌಸಿಂಗ್ ಬೆನಿಫಿಟ್ 65 ಪೆನ್ಸ್ ಕಡಿಮೆ ಆಗುತ್ತದೆ. ಅಂದರೆ ವಾರಕ್ಕೆ 11 ಪೌಂಡಿಗಿಂತ ಜಾಸ್ತಿ ಖೋತಾ. ಆ ದುಡ್ಡಲ್ಲಿ ನಮ್ಮ ಮನೆಗೆ ವಾರದ ತರಕಾರಿ, ಹಾಲು ಬರುತ್ತಿತ್ತು.

ಇದನ್ನು ಕಂಡುಹಿಡಿಯಲು ಅವರ ಲೆಟರಿನ ಕೊನೆಯ ಪುಟದವರೆಗೆ ಹೋಗಬೇಕಾಯಿತು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮೊತ್ತ ಮಾತ್ರ ಇರುತ್ತದೆ. ಆದಾಯ ಎಷ್ಟು ಹಿಡಿದರು ಅನ್ನುವುದು ಎಲ್ಲೋ ಹಿಂದೆ, ಚಿಕ್ಕ ಅಕ್ಷರದ ಪಟ್ಟಿಯಲ್ಲಿ. ಅದರಲ್ಲೂ ಹೇಗೆ ಲೆಕ್ಕ ಹಾಕಿದರು ಅಂತ ಇಲ್ಲ. ಫೋನ್ ಮಾಡಿದರೆ ‘ಸಿಸ್ಟಮ್ ಹಾಗೆ ತೋರಿಸುತ್ತಿದೆ’ ಅಂದರು. ಪೇಸ್ಲಿಪ್‌ಗಳ ಜೊತೆ ಗುಣಾಕಾರ ಭಾಗಾಕಾರವನ್ನೂ ಬರೆದು ಕಳಿಸಿದ ಮೇಲೆಯೇ ಸರಿಹೋಯಿತು, ಹಿಂದಿನ ಬಾಕಿಯೂ ಬಂತು. ಅದನ್ನು ಓದಿ ಸರಿ ಮಾಡಿದ ಆಫೀಸರ್ ಕ್ಷಮೆ ಕೇಳಿ ಫೋನ್ ಮಾಡಿದ್ದರು. ಒಳ್ಳೆಯವರು. ಅಂಥವರು ಇನ್ನೂ ನಾಲ್ಕು ಜನ ಇದ್ದರೆ ಈ ವಿಮರ್ಶೆ ಬೇರೆ ಥರ ಇರುತ್ತಿತ್ತು.

ಈಗ ದುಡಿಯುವ ವಯಸ್ಸಿನವರಿಗೆ ಬಾಡಿಗೆ ಸಹಾಯ ಹೆಚ್ಚಾಗಿ ಯೂನಿವರ್ಸಲ್ ಕ್ರೆಡಿಟ್‌ನಲ್ಲೇ (ಕೇಂದ್ರ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಸಹಾಯಧನ) ಬರುತ್ತದೆ. ನಮ್ಮದೂ ಅಲ್ಲಿಗೆ ಹೋಯಿತು. ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಮಾತ್ರ ಕೌನ್ಸಿಲ್‌ನ ಕೈಯಲ್ಲೇ ಉಳಿದಿದೆ, ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ದಯವಿಟ್ಟು ನೆನಪಿಡಿ.

ಅಲ್ಲಿಂದ ಬಿಲ್ಲುಗಳ ಕಾಟ ಶುರು. ಮನೆಯವರ ಸಂಬಳ ಏರಿಳಿದಂತೆ ಕ್ರೆಡಿಟ್ ಬದಲಾಗುತ್ತದೆ, ಅದು ಬದಲಾದ ಕೂಡಲೇ ಕೌನ್ಸಿಲ್‌ನಿಂದ ಹೊಸ ಬಿಲ್. ಒಂದು ಸಲ ಒಂದೇ ತಾರೀಖಿನ ಮೂರು ಬಿಲ್ ಒಟ್ಟಿಗೆ ಬಂದು ಬಿದ್ದವು, ಮೂರರಲ್ಲೂ ಮೊತ್ತ ಬೇರೆ. ಯಾವುದು ಕೊನೆಯದು ಅಂತ ಎಲ್ಲೂ ಬರೆದಿರಲಿಲ್ಲ. ಪ್ರತಿ ಹೊಸ ಬಿಲ್ಲಿಗೂ ಕಂತು ಮುಂದಕ್ಕೆ ಹೋಗುತ್ತದೆ. ವರ್ಷದಲ್ಲಿ ಉಳಿದ ತಿಂಗಳು ಕಡಿಮೆ ಆದಂತೆ ಒಂದೊಂದು ಕಂತೂ ದೊಡ್ಡದಾಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಸಮನ್ಸ್ ಬಂದಾಗ. ಮನೆಯವರ ಕೆಲಸ ಕಡಿಮೆ ಆಯಿತು ಅಂತ ಆನ್‌ಲೈನ್‌ನಲ್ಲಿ ತಿಳಿಸಿದ್ದೆವು. ಆ ಅರ್ಜಿ ಬೆನಿಫಿಟ್ಸ್ ವಿಭಾಗದಲ್ಲಿ ಕೂತಿತ್ತು. ಅಷ್ಟರಲ್ಲಿ ವಸೂಲಿ ವಿಭಾಗ ಹಳೆಯ ಬಿಲ್ ಹಿಡಿದು ರಿಮೈಂಡರ್ ಕಳಿಸಿತು. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚೂ ನಮ್ಮ ತಲೆಗೆ. ಇಲ್ಲಿ ರಿಮೈಂಡರ್ ಬಂದು 7 ದಿನದಲ್ಲಿ ಕಟ್ಟದಿದ್ದರೆ, ಮುಂದೆ ಕಂತಿನ ಸೌಲಭ್ಯವೇ ಹೋಗಿ ವರ್ಷದ ಬಾಕಿಯೆಲ್ಲ ಒಟ್ಟಿಗೆ ಕಟ್ಟಬೇಕಾಗುತ್ತದೆ. ಕೋರ್ಟ್ ಆರ್ಡರ್ ಆದರೆ ಬೇಲಿಫ್‌ಗಳು, ಅಂದರೆ ಬಾಕಿ ವಸೂಲಿ ಮಾಡುವವರು, ಬಾಗಿಲಿಗೆ ಬರಬಹುದು. ವಸೂಲಿಯವರನ್ನು ಕೇಳಿದರೆ ‘ಅದು ಬೆನಿಫಿಟ್ಸ್‌ನವರ ಕೆಲಸ’. ಬೆನಿಫಿಟ್ಸ್‌ನವರನ್ನು ಕೇಳಿದರೆ ‘ಬಿಲ್ಲಿನಲ್ಲಿ ಇರುವಷ್ಟು ಕಟ್ಟುತ್ತಿರಿ’. ಕಟ್ಟಲು ಆಗುವುದಿಲ್ಲ ಅಂತ ತಾನೇ ಅರ್ಜಿ ಹಾಕಿದ್ದು? ಎರಡೂ ವಿಭಾಗ ಇರುವುದು ಒಂದೇ ಕಟ್ಟಡದಲ್ಲಿ, ಒಂದೇ ಕೌನ್ಸಿಲ್‌ನ ಕೆಳಗೆ. ಬರವಣಿಗೆಯಲ್ಲಿ ದೂರು ಕೊಟ್ಟ ಮೇಲೆ ಸಮನ್ಸ್ ಖರ್ಚನ್ನು ಮನ್ನಾ ಮಾಡಿದರು. ಇಂಗ್ಲಿಷ್ ಓದಿ ಬರೆಯಲು ಬಾರದ ನಮ್ಮ ಹಿರಿಯರು, ಒಂಟಿ ತಾಯಂದಿರು ಇದನ್ನು ಹೇಗೆ ಎದುರಿಸುತ್ತಾರೆ ಅನ್ನುವ ಯೋಚನೆಯಲ್ಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮ ಜನಕ್ಕೆ ಇನ್ನೆರಡು ಮಾತು. ದೊಡ್ಡ ಮಗನೋ ಮಗಳೋ ಕೆಲಸ ಮಾಡುತ್ತಾ ಅಪ್ಪ ಅಮ್ಮನ ಜೊತೆಗೇ ಇದ್ದರೆ, ಅವರು ದುಡ್ಡು ಕೊಡಲಿ ಬಿಡಲಿ, ಕೊಡುತ್ತಾರೆ ಅಂತ ಭಾವಿಸಿ ಬೆನಿಫಿಟ್‌ನಲ್ಲಿ ಕಡಿತ ಮಾಡುತ್ತಾರೆ. ಸಂಬಳದ ಪುರಾವೆ ಕೊಡದಿದ್ದರೆ ಅತಿ ಹೆಚ್ಚಿನ ಕಡಿತವನ್ನೇ ಹಾಕಿಬಿಡಬಹುದು, ಆದ್ದರಿಂದ ಮಕ್ಕಳ ಪೇಸ್ಲಿಪ್ ತಡ ಮಾಡದೆ ಕೊಡಿ. ಎರಡನೆಯದು, ವೀಸಾದಲ್ಲಿ ‘ಪಬ್ಲಿಕ್ ಫಂಡ್ಸ್ ಇಲ್ಲ’ (ಪಟ್ಟಿಯಲ್ಲಿರುವ ಸರ್ಕಾರಿ ಸಹಾಯಗಳನ್ನು ಪಡೆಯುವಂತಿಲ್ಲ) ಎಂದಿದ್ದರೆ ಹೌಸಿಂಗ್ ಬೆನಿಫಿಟ್ ಆಗಲಿ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಆಗಲಿ ಕೇಳಲೇಬೇಡಿ, ವೀಸಾಗೇ ತೊಂದರೆ ಆಗುತ್ತದೆ. ಆದರೆ ಒಬ್ಬರೇ ಇರುವವರಿಗೆ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಸಿಗುವ ಶೇ. 25 ಡಿಸ್ಕೌಂಟ್ ಆ ಪಟ್ಟಿಯಲ್ಲಿಲ್ಲ, ಅದನ್ನು ಧೈರ್ಯವಾಗಿ ಕೇಳಬಹುದು.

ತೀರ್ಮಾನ ತಪ್ಪು ಅನ್ನಿಸಿದರೆ ಸುಮ್ನೆ ಫೋನ್ ಮಾಡುತ್ತಾ ಕೂರಬೇಡಿ, ಬರೆಯಿರಿ. ಹೌಸಿಂಗ್ ಬೆನಿಫಿಟ್ ಆದರೆ ಲೆಟರಿನ ತಾರೀಖಿನಿಂದ 1 ತಿಂಗಳೊಳಗೆ ಮರುಪರಿಶೀಲನೆ ಅಥವಾ ಅಪೀಲು ಕೇಳಬೇಕು. ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಆದರೆ ಮೊದಲು ಕೌನ್ಸಿಲ್‌ಗೆ ಬರೆಯಬೇಕು. 2 ತಿಂಗಳಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆ ಆಗದಿದ್ದರೆ, ವ್ಯಾಲ್ಯುಯೇಶನ್ ಟ್ರಿಬ್ಯುನಲ್‌ಗೆ (ಕೌನ್ಸಿಲ್ ಟ್ಯಾಕ್ಸ್ ತಕರಾರು ಕೇಳುವ ಸ್ವತಂತ್ರ ನ್ಯಾಯಮಂಡಳಿ) ಹೋಗಬಹುದು. ಅದಕ್ಕೆ ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ವಿಳಂಬ, ಕೆಟ್ಟ ನಡವಳಿಕೆಯಂಥ ದೂರಿಗೆ, ಕೌನ್ಸಿಲ್‌ನ ದೂರು ಪ್ರಕ್ರಿಯೆ ಮುಗಿಸಿದ ಮೇಲೆ ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಒಂಬುಡ್ಸ್‌ಮನ್ (ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಇದ್ದಾರೆ.

ಆದಾಯ ಎಷ್ಟು ಹಿಡಿದೆವು, ಹೇಗೆ ಭಾಗಿಸಿದೆವು ಅನ್ನುವ ಎರಡು ಸಾಲನ್ನು ಲೆಟರಿನ ಮೊದಲ ಪುಟದಲ್ಲೇ ಹಾಕಲಿ. ಅರ್ಜಿ ಬಾಕಿ ಇರುವವರ ಹೆಸರನ್ನು ಸಮನ್ಸ್ ಪಟ್ಟಿಯಿಂದ ಹೊರಗಿಡಲಿ. ಇವೆರಡು ಮಾಡಿದರೆ ನಾಳೆಯೇ ಇನ್ನೆರಡು ಸ್ಟಾರ್ ಕೊಡುತ್ತೇನೆ.