ಪೈಮಾಲ್‌ನ ಅರೆಪಾರದರ್ಶಕ ಮೇಲ್ಮೈ: ದೀರ್ಘಕಾಲದ ಬಳಕೆಯ ಅನುಭವ

ಪ್ರೋಟೀನಿನ ಒಳಗುಳಿಯಲ್ಲಿ ಔಷಧದ ಅಣು ಹೇಗೆ ಕುಳಿತಿದೆ ಎಂಬುದನ್ನು ತೋರಿಸಲು ನಾನು ವರ್ಷಗಳಿಂದ, ಅಣುಗಳ ಮೂರು ಆಯಾಮದ ಚಿತ್ರ ಬಿಡಿಸುವ ಪೈಮಾಲ್ ತಂತ್ರಾಂಶದ ಅರೆಪಾರದರ್ಶಕ ಮೇಲ್ಮೈಯನ್ನೇ ನೆಚ್ಚಿಕೊಂಡಿದ್ದೇನೆ. ಟ್ರಾನ್ಸ್‌ಪರೆನ್ಸಿ ಸೆಟ್ಟಿಂಗ್‌ನ ಮೌಲ್ಯ 0 ಆದರೆ ಮೇಲ್ಮೈ ಪೂರ್ತಿ ಅಪಾರದರ್ಶಕವಾಗಿರುತ್ತದೆ, 1 ಆದರೆ ಕಾಣುವುದೇ ಇಲ್ಲ. ಅಣುವನ್ನು ಬಿಡಿಸುವ ಕಡ್ಡಿ, ಗೋಳ, ಕಾರ್ಟೂನ್ (ಸರಪಳಿಯ ಸರಳ ಚಿತ್ರ) ರೂಪಗಳಿಗೆ ಬೇರೆ ಬೇರೆ ಸೆಟ್ಟಿಂಗ್‌ಗಳಿರುವುದರಿಂದ ಹೊರಗಿನದನ್ನು ಮಾತ್ರ ತಿಳಿಯಾಗಿಸಿ ಒಳಗಿನದನ್ನು ಗಾಢವಾಗಿ ಉಳಿಸಿಕೊಳ್ಳಬಹುದು.

ನಾನು ಹೆಚ್ಚಾಗಿ ತೋರಿಸುವುದು 1ಎಚ್‌ಎಸ್‌ಜಿ ಎಂಬ ಸಂಕೇತದ ಪ್ರೋಟೀನ್ ರಚನೆಯನ್ನು. ಇದು ಇಂಡಿನಾವಿರ್ ಔಷಧವನ್ನು ಹಿಡಿದಿಟ್ಟುಕೊಂಡಿರುವ ಎಚ್‌ಐವಿ ಪ್ರೋಟಿಯೇಸ್, ಅಂದರೆ ಎಚ್‌ಐವಿ ವೈರಸ್ಸಿನ ಒಂದು ಕಿಣ್ವ. ತಲಾ 99 ಅಮೈನೊ ಆಮ್ಲಗಳ ಎರಡು ಸರಪಳಿಗಳು ಕೂಡಿ ಆದದ್ದು. ಔಷಧವು ಸುರಂಗದಂತಹ ಕುಳಿಯೊಳಗೆ ಹುದುಗಿರುವುದರಿಂದ ಅಪಾರದರ್ಶಕ ಮೇಲ್ಮೈ ಅದನ್ನು ಬಹುಪಾಲು ಮುಚ್ಚಿಬಿಡುತ್ತದೆ. ಸೆಟ್ಟಿಂಗ್ ಅನ್ನು 0.5ಕ್ಕೆ ಏರಿಸಿದರೆ ಔಷಧ ಮಾತ್ರವಲ್ಲ, ಅದನ್ನು ಕುಳಿಯ ಮೇಲೆ ಮುಚ್ಚಳದಂತಿರುವ ಪ್ರೋಟೀನಿನ ಎರಡು ಪಟ್ಟಿಗಳಿಗೆ ಹೈಡ್ರೋಜನ್ ಬಂಧಗಳಿಂದ ಜೋಡಿಸುವ ಒಂದೇ ಒಂದು ನೀರಿನ ಅಣುವೂ ತನ್ನ ಜಾಗದಲ್ಲಿ ಕಾಣುತ್ತದೆ. ಆ ನೀರು ಕಂಡ ಮೇಲೆ ಬಂಧದ ವಿವರಣೆ ಎಷ್ಟೋ ಸುಲಭವಾಗುತ್ತದೆ.

ಆದರೆ 0.5 ಎಂದರೆ ಎಲ್ಲೆಡೆಯೂ ಅರ್ಧ ಬೆಳಕು ಎಂದಲ್ಲ. ನೋಟವು ಹೊರಗೋಡೆಯನ್ನೂ ಕುಳಿಯ ಗೋಡೆಯನ್ನೂ ದಾಟಿ ಔಷಧವನ್ನು ತಲುಪುವಾಗ ಪ್ರತಿ ಪದರವೂ ಅರ್ಧದಷ್ಟನ್ನು ತಡೆಯುವುದರಿಂದ ಔಷಧದ ಬಣ್ಣದಲ್ಲಿ ಉಳಿಯುವುದು ಕಾಲು ಭಾಗ ಮಾತ್ರ; ಇನ್ನೂ ಎರಡು ಮಡಿಕೆಗಳು ಅಡ್ಡ ಬಂದರೆ ಅದು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ನಾನು ಎಲ್ಲ ಪದರಗಳನ್ನೂ ಲೆಕ್ಕಿಸುವ ಬಹುಪದರ ವಿಧಾನವನ್ನು ಬಿಟ್ಟು, ಕಣ್ಣಿಗೆ ಹತ್ತಿರದ ಪದರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಏಕಪದರ ವಿಧಾನವನ್ನು ಆರಿಸಿಕೊಳ್ಳುತ್ತೇನೆ. ಕುಳಿಯ ಆಳವೇ ಮುಖ್ಯವಾದಾಗ ಮಾತ್ರ ಬಹುಪದರ ಮೇಲು.

ಅಂತಿಮ ಚಿತ್ರಕ್ಕೆ, ಕಿರಣಗಳ ಜಾಡು ಹಿಡಿದು ಚಿತ್ರ ರಚಿಸುವ (ರೇ ಟ್ರೇಸಿಂಗ್) ರೇ ಆದೇಶವನ್ನು ಬಿಡಲಾಗದು. ಪರದೆಯ ಮೇಲೆ, ಮೇಲ್ಮೈಯನ್ನು ರೂಪಿಸುವ ಪುಟ್ಟ ತ್ರಿಕೋನಗಳನ್ನು ಹಿಂದಿನಿಂದ ಮುಂದಕ್ಕೆ ಸರಿಯಾದ ಕ್ರಮದಲ್ಲಿ ಬೆರೆಸದಿದ್ದರೆ ಕಲೆಗಳು ಮೂಡುತ್ತವೆ. ರೇ ಟ್ರೇಸಿಂಗ್‌ನಲ್ಲಿ ಪ್ರತಿ ಬಿಂದುವಿನ ಕಿರಣವು ಪದರಗಳನ್ನು ಕ್ರಮವಾಗಿಯೇ ದಾಟುವುದರಿಂದ ಆ ತೊಂದರೆಯಿಲ್ಲ. ದೊಡ್ಡ ರಚನೆಗಳಲ್ಲಿ ಕಾಯಬೇಕಾಗುತ್ತದೆ, ಅಷ್ಟೆ.

ವಿದ್ಯುದಾವೇಶದ ನಕ್ಷೆಯನ್ನು ಹೊದಿಸಿದ ಮೇಲ್ಮೈಯನ್ನು ಮಾತ್ರ ನಾನು ಎಂದೂ ಅರೆಪಾರದರ್ಶಕವಾಗಿಸುವುದಿಲ್ಲ. ಬಿಳಿ ಹಿನ್ನೆಲೆ ಬೆರೆತು ಆವೇಶವನ್ನು ಸೂಚಿಸುವ ಕೆಂಪು, ನೀಲಿ ಬಣ್ಣಗಳು ತಿಳಿಯಾದರೆ ಓದುಗರು ಪ್ರಬಲ ಆವೇಶವನ್ನು ದುರ್ಬಲವೆಂದು ತಿಳಿಯುವ ಅಪಾಯವಿದೆ. ಅದಕ್ಕಾಗಿ, ಅದೇ ಕೋನದಿಂದ ತೆಗೆದ ಅಪಾರದರ್ಶಕ ಚಿತ್ರವೊಂದನ್ನು ಔಷಧವನ್ನು ತೋರಿಸುವ ಚಿತ್ರದ ಪಕ್ಕದಲ್ಲಿ ಇಡುತ್ತೇನೆ.