ಐಇಪಿ ಅಡ್ವೊಕೇಟ್‌ಗೆ ಕೊಟ್ಟ ದುಡ್ಡು ವರ್ತಾ? (ಬೇ ಏರಿಯಾ, ನಮ್ಮ ಅನುಭವ)

ಐಇಪಿ ಅಂದ್ರೆ ಕಲಿಕೇಲಿ ತೊಂದರೆ ಇರೋ ಮಗೂಗೆ ಇಲ್ಲಿನ ಸ್ಕೂಲು ಬರೆದುಕೊಡೋ ವಿಶೇಷ ಪಾಠದ ಪ್ಲಾನ್, ಅದಕ್ಕಾಗಿ ಪೇರೆಂಟ್ಸ್ ಪರವಾಗಿ ಸ್ಕೂಲ್ ಜೊತೆ ಮಾತಾಡೋರು ಅಡ್ವೊಕೇಟ್. 5ಕ್ಕೆ 4 ಸ್ಟಾರ್. ಅರ್ಧ ಸ್ಟಾರ್ ಬಿಲ್ಲಿಂಗ್‌ಗೆ ಕಟ್, ಇನ್ನರ್ಧ ಯಾಕೆ ಅಂತ ಕೆಳಗಡೆ ಹೇಳ್ತೀನಿ.

ಮಗ ಆಗ ಸೆಕೆಂಡ್ ಗ್ರೇಡು. ಬಾಯಿ ಬಿಟ್ರೆ ಅರಳು ಹುರಿದ ಹಾಗೆ ಮಾತು, ಡೈನೋಸಾರ್ ಹೆಸರೆಲ್ಲ ಬಾಯಿಪಾಠ, ಆದ್ರೆ ಪುಸ್ತಕ ಕೈಗೆ ಕೊಟ್ರೆ ಮೊದಲ ಅಕ್ಷರ ನೋಡಿ ಮಿಕ್ಕಿದ್ದೆಲ್ಲ ಗೆಸ್ ಹೊಡೀತಿದ್ದ. ಸ್ಕೂಲಲ್ಲಿ ಕೇಳಿದಾಗಲೆಲ್ಲ ಒಂದೇ ರಾಗ, ಮನೇಲಿ ಬೇರೆ ಭಾಷೆ ಮಾತಾಡ್ತೀರಲ್ವಾ, ಇನ್ನೊಂದು ವರ್ಷ ನೋಡೋಣ. ಎಸ್‌ಎಸ್‌ಟಿ ಮೀಟಿಂಗ್ (ಹಿಂದೆ ಬಿದ್ದ ಮಗು ಬಗ್ಗೆ ಸ್ಕೂಲಿನವರು, ಪೇರೆಂಟ್ಸ್ ಕೂತು ಮಾತಾಡೋದು) ಅಂತ ಎರಡು ಸಲ ಕರೆದ್ರು, ಹೋಗಿ ಆ ಪುಟಾಣಿ ಚೇರಲ್ಲಿ ಮಂಡಿ ಮಡಚಿ ಕೂತು ಎದ್ದು ಬಂದಿದ್ದಷ್ಟೆ. ಊರಿಂದ ಬಂದಿದ್ದ ಅತ್ತೆ ಬೇರೆ, ಇವರಪ್ಪನೂ ಹೀಗೇ ಇದ್ದ, ಆಮೇಲೆ ತಾನೇ ಸರಿಹೋದ ಅಂತ. (ಇವರಪ್ಪ ಇವತ್ತಿಗೂ ಉದ್ದ ಈಮೇಲ್ ಓದಲ್ಲ, ಅದು ಬೇರೆ ವಿಷಯ.)

ಕನ್ನಡ ಕೂಟದ ಫ್ರೆಂಡ್ ಒಬ್ರು ಈ ಅಡ್ವೊಕೇಟ್ ನಂಬರ್ ಕೊಟ್ರು. ಮೊದಲ ಕಾಲ್ ಫ್ರೀ, ಆಮೇಲೆ ಗಂಟೆಗೆ 160 ಡಾಲರ್. ಆಕೆ ಕೇಳಿದ ಮೊದಲನೇ ಪ್ರಶ್ನೆ, ರೈಟಿಂಗಲ್ಲಿ ಕೇಳಿದೀರಾ? ಇಲ್ಲ. ಒಂದೂವರೆ ವರ್ಷ ಬಾಯಲ್ಲೇ ಕೇಳ್ಕೊಂಡು ಓಡಾಡಿದ್ವಿ! ಕ್ಯಾಲಿಫೋರ್ನಿಯಾದಲ್ಲಿ ಅಸೆಸ್‌ಮೆಂಟ್ ಬೇಕು ಅಂತ ಬರೆದುಕೊಟ್ಟ ಮೇಲೆ 15 ದಿನದಲ್ಲಿ ಸ್ಕೂಲು ಯಾವ್ಯಾವ ಟೆಸ್ಟ್ ಮಾಡ್ತೀವಿ ಅನ್ನೋ ಪ್ಲಾನ್ ಕೊಡಬೇಕು, ನಾವು ಸೈನ್ ಮಾಡಿ ಕೊಟ್ಟ ಮೇಲೆ 60 ದಿನದೊಳಗೆ ಟೆಸ್ಟೆಲ್ಲ ಮುಗಿಸಿ ಐಇಪಿ ಮೀಟಿಂಗ್ ಇಡಬೇಕು, ಸಮ್ಮರ್ ರಜಾ ಈ ಲೆಕ್ಕಕ್ಕೆ ಬರಲ್ಲ. ಆಕೆ ಬರೆಸಿದ ಲೆಟರ್ ಆರೇ ಸಾಲು. ಹನ್ನೊಂದನೇ ದಿನ ಪ್ಲಾನ್ ಬಂತು.

ನನಗೆ ಇವರು ನಿಜವಾಗ್ಲೂ ಇಷ್ಟ ಆಗಿದ್ದು ಮುಂದಿನ ಪ್ರಶ್ನೆಯಿಂದ. ಇವನು ಬೇರೆ ಯಾವ ಭಾಷೆ ಓದಕ್ಕೆ ಕಲೀತಿದಾನೆ? ಶನಿವಾರದ ಕನ್ನಡ ಕ್ಲಾಸಿನ ನೋಟ್‌ಬುಕ್ ತೋರಿಸಿದ್ವಿ. ಅಕ್ಕ ಅಂತ ಬರೆಯೋ ಕಡೆ ಅಕ, ಹಳ್ಳಿಗೆ ಹಳಿ, ಕಿ ಕೀ ಎಲ್ಲ ಒಂದೇ, ಒತ್ತಕ್ಷರ ಅನ್ನೋದೇ ಇಲ್ಲ. ಸೋಮಾರಿ ಅಂತ ನಾನೇ ಎಷ್ಟು ಸಲ ಬೈದಿದೀನೋ. ಆಕೆಗೆ ಕನ್ನಡ ಒಂದಕ್ಷರ ಬರಲ್ಲ, ಆದ್ರೂ ಪ್ರತಿ ತಪ್ಪಿಗೂ ನನ್ನ ಕೈಲಿ ಅರ್ಥ ಹೇಳಿಸಿ ಹಳದಿ ಸ್ಟಿಕ್ಕಿ ಅಂಟಿಸ್ತಾ ಹೋದ್ರು. ಯಾಕಂದ್ರೆ ಇಂಗ್ಲಿಷ್ ಸಾಲದು ಅನ್ನೋದೇ ಮುಖ್ಯ ಕಾರಣ ಆದ್ರೆ ಕಾನೂನು ಪ್ರಕಾರ ಮಗೂಗೆ ಡಿಸೆಬಿಲಿಟಿ ಅಂತ ಹೇಳೋ ಹಾಗಿಲ್ಲ, ಸ್ಕೂಲು ಅದನ್ನೇ ಹಿಡ್ಕೊಂಡು ಕೂತಿತ್ತು. ಮನೆ ಭಾಷೇಲೂ ಅದೇ ತೊಂದರೆ ಅಂದ್ರೆ ಆ ವಾದ ನಿಲ್ಲಲ್ಲ. ಕನ್ನಡದಲ್ಲಿ ಟೆಸ್ಟ್ ಮಾಡೋ ಸೈಕಾಲಜಿಸ್ಟ್ ನಮ್ಮ ಸ್ಕೂಲ್ ಡಿಸ್ಟ್ರಿಕ್ಟಲ್ಲಿ ಇರ್ಲಿಲ್ಲ, ಹಾಗಾಗಿ ಆ ನೋಟ್‌ಬುಕ್ಕೇ ಸಾಕ್ಷಿ.

ರಿಪೋರ್ಟು ಮೀಟಿಂಗ್ ಹಿಂದಿನ ರಾತ್ರಿ ಬಂತು, 31 ಪೇಜು. ಒಂದು ಕಡೆ ಸ್ಟ್ಯಾಂಡರ್ಡ್ ಸ್ಕೋರ್ 80 ಅಂತಿತ್ತು, ನಮ್ಮವರು ನೂರಕ್ಕೆ ಎಂಬತ್ತಾ, ಡಿಸ್ಟಿಂಕ್ಷನ್ನು ಅಂತ ಖುಷಿಪಟ್ರು. ಅಲ್ಲಿ ಸರಾಸರಿ 100, ಎಂಬತ್ತು ಅಂದ್ರೆ 9ನೇ ಪರ್ಸೆಂಟೈಲ್, ಅಂದ್ರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ತೊಂಬತ್ತು ಮಕ್ಕಳು ಇವನಿಗಿಂತ ಮುಂದೆ. ಒಟ್ಟು ಸ್ಕೋರ್ ನೋಡ್ಬೇಡಿ, ಒಳಗಿನ ಸಬ್‌ಟೆಸ್ಟ್ ನೋಡಿ ಅಂದ್ರು ಆಕೆ, ಸರಾಸರಿ 10 ಇರೋ ಕಡೆ ಇವನಿಗೆ ಒಂದ್ರಲ್ಲಿ 13, ಶಬ್ದ ಬಿಡಿಸೋದ್ರಲ್ಲಿ 4.

ಇಷ್ಟಾದ್ರೂ ಮೀಟಿಂಗಲ್ಲಿ ಏಳು ಜನ ಕೂತು ಎಲಿಜಿಬಲ್ ಅಲ್ಲ ಅಂದ್ರು. ಆಕೆ ದನಿ ಏರಿಸಲೇ ಇಲ್ಲ, ಈ ನಿರ್ಧಾರಾನ ಕಾರಣದ ಸಮೇತ ಪ್ರಯರ್ ರಿಟನ್ ನೋಟಿಸ್ ಆಗಿ ಕೊಡಿ ಅಂದು ಪೆನ್ ಮುಚ್ಚಿದ್ರು. ನನಗೋ ಮೈ ಉರೀತಿತ್ತು, ಇಷ್ಟು ದುಡ್ಡು ಕೊಟ್ಟಿದ್ದು ಇವರು ನೈಸಾಗಿ ನಗೋದಕ್ಕಾ ಅಂತ. ಆಮೇಲೆ ಗೊತ್ತಾಯ್ತು. ವಾರದಲ್ಲಿ ಐಇಇ ಕೇಳಿ ಲೆಟರ್ ಹಾಕಿಸಿದ್ರು, ಅಂದ್ರೆ ನಿಮ್ಮ ಅಸೆಸ್‌ಮೆಂಟ್ ಒಪ್ಪಲ್ಲ, ಹೊರಗಿನವರ ಕೈಲಿ ನಿಮ್ಮ ಖರ್ಚಲ್ಲಿ ಮಾಡಿಸಿ ಅಂತ. ಡಿಸ್ಟ್ರಿಕ್ಟ್ ಒಂದೋ ದುಡ್ಡು ಕೊಡ್ಬೇಕು, ಇಲ್ಲಾ ತಮ್ಮದೇ ಸರಿ ಅಂತ ಹಿಯರಿಂಗಿಗೆ ಹೋಗ್ಬೇಕು, ಸುಮ್ನೆ ಕೂರೋ ಹಾಗಿಲ್ಲ. ದುಡ್ಡು ಕೊಟ್ರು. ಹೊರಗಿನ ರಿಪೋರ್ಟಲ್ಲಿ ಡಿಸ್ಲೆಕ್ಸಿಯಾ ಅಂತ ಬಂತು, ಈಗ ಐಇಪಿ ಇದೆ, ವಾರಕ್ಕೆ ನಾಲ್ಕು ದಿನ ಅರ್ಧರ್ಧ ಗಂಟೆ ರೀಡಿಂಗ್.

ಈಗ ಕಂಪ್ಲೇಂಟು. 15 ನಿಮಿಷದ ಲೆಕ್ಕದಲ್ಲಿ ಬಿಲ್ ಮಾಡ್ತಾರೆ, ಓಕೆ ಥ್ಯಾಂಕ್ಸ್ ಅನ್ನೋ ಈಮೇಲ್‌ಗೂ 40 ಡಾಲರ್ ಬಿದ್ದಿತ್ತು, ಜಗಳ ಮಾಡಿ ತೆಗೆಸಿದೆ. ಒಟ್ಟು 12 ಗಂಟೆ, 1920 ಡಾಲರ್. ಉತ್ತರ ಬರೋದು ನಾಲ್ಕೈದು ದಿನಕ್ಕೆ. ಇನ್ನೊಂದು ವಿಷಯ, ಅಡ್ವೊಕೇಟ್ ಅಂದ್ರೆ ಲಾಯರ್ ಅಲ್ಲ, ಲೈಸೆನ್ಸ್ ಅಂತ ಏನೂ ಇಲ್ಲ, ನಾಳೆ ನಾನೂ ಬೋರ್ಡ್ ಹಾಕ್ಕೋಬಹುದು, ಅದಕ್ಕೇ ಎಷ್ಟು ಮೀಟಿಂಗ್ ಮಾಡಿದೀರಾ ಅಂತ ಕೇಳೇ ಹಿಡೀರಿ.

ಮಿಕ್ಕ ಅರ್ಧ ಸ್ಟಾರ್ ಯಾಕೆ ಅಂದ್ರೆ, ಪ್ರತಿ ಸ್ಟೇಟಲ್ಲೂ ಸರ್ಕಾರದ ದುಡ್ಡಲ್ಲಿ ನಡೆಯೋ ಪೇರೆಂಟ್ ಟ್ರೈನಿಂಗ್ ಅಂಡ್ ಇನ್ಫರ್ಮೇಷನ್ ಸೆಂಟರ್ ಇರತ್ತೆ, ಫ್ರೀ, ಅದನ್ನ ಆಕೆ ನಮಗೆ ಹೇಳಲೇ ಇಲ್ಲ. ಲೆಟರ್ ಬರೆಯೋದು, ರಿಪೋರ್ಟ್ ಓದೋದು ಅಲ್ಲೇ ಕಲೀಬಹುದಿತ್ತು, ಐಇಇ ಹಂತಕ್ಕೆ ಮಾತ್ರ ಇವರನ್ನ ಕರೆದಿದ್ರೆ ಅರ್ಧ ದುಡ್ಡು ಉಳೀತಿತ್ತು.

ನಂಬರ್ ಬೇಕಾದವರು ಮೆಸೇಜ್ ಮಾಡಿ, ಆದ್ರೆ ಮೊದಲು ಆ ಆರು ಸಾಲು ಬರೆದು ಕಳಿಸಿಬಿಟ್ಟು ಆಮೇಲೆ ಮಾಡಿ.