ಏಕಾಂಡ ವೀಣೆಯೋ, ಜೋಡಣೆ ವೀಣೆಯೋ?

ಏಕಾಂಡ ವೀಣೆಯ ಕೊಡ (ನಾದ ತುಂಬುವ ದುಂಡನೆಯ ಭಾಗ), ದಂಡಿ (ತಂತಿ ಹಾಯುವ ಉದ್ದನೆಯ ಭಾಗ) ಎರಡೂ ಒಂದೇ ಹಲಸಿನ ದಿಮ್ಮಿಯಿಂದ ಕೊರೆದವು. ಮುಚ್ಚುವ ಹಲಗೆ ಮಾತ್ರ ಬೇರೆ. ನಡುವೆ ಬೆಸುಗೆಯಿಲ್ಲದ್ದರಿಂದ ನಾದ ತಡೆಯಿಲ್ಲದೆ ಹರಿದು, ಮೀಟು ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಇದನ್ನು ಮೆಚ್ಚುವವರ ಮಾತು. ಅಷ್ಟು ದೊಡ್ಡ, ಬಿರುಕಿಲ್ಲದ ದಿಮ್ಮಿ ಸಿಗುವುದು ಕಷ್ಟ, ಹಾಗಾಗಿ ಬೆಲೆ ಹೆಚ್ಚು. ಸರಿಯಾಗಿ ಒಣಗಿಸದ ಮರವಾದರೆ ಕೊಡವೇ ಸೀಳುತ್ತದೆ.

ಕೊಡ, ದಂಡಿಗಳನ್ನು ಬೇರೆ ಬೇರೆ ಮಾಡಿ ಸೇರಿಸಿದ ಜೋಡಣೆ ವೀಣೆ ಅಗ್ಗ, ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು. ಇದರ ದುರ್ಬಲ ಜಾಗ ಕೊಡ, ದಂಡಿ ಸೇರುವ ಕಡೆ. 7 ತಂತಿಗಳ ಎಳೆತಕ್ಕೆ ಅಲ್ಲಿ ಸಡಿಲವಾದರೆ ದಂಡಿ ಮೇಲಕ್ಕೆ ಬಾಗಿ, ತಂತಿ ಮೆಟ್ಟಿಲುಗಳಿಂದ (ಸ್ವರಕ್ಕಾಗಿ ತಂತಿ ಒತ್ತುವ ಲೋಹದ ಪಟ್ಟಿಗಳಿಂದ) ದೂರವಾಗುತ್ತದೆ. ಆಮೇಲೆ ಒತ್ತುವುದೇ ನೋವು, ಒತ್ತಿದೊಡನೆ ಶ್ರುತಿಯೂ ಏರುತ್ತದೆ. ಕೊಳ್ಳುವ ಮುನ್ನ ದಂಡಿಯ ತುದಿಯಿಂದ ಒಂದೇ ಕಣ್ಣಲ್ಲಿ ನೋಡಿ. ಬಾಗು ತಕ್ಷಣ ಕಾಣುತ್ತದೆ.

ಎರಡರಲ್ಲೂ 24 ಮೆಟ್ಟಿಲುಗಳು ಕಪ್ಪು ಮೇಣದ ಮೇಲೆಯೇ ಕೂರುತ್ತವೆ. ಬಿಸಿಲಿಗೆ ಮೇಣ ಮೆತ್ತಗಾಗಿ ಸ್ವರಸ್ಥಾನ ಜಾರುತ್ತದೆ, ಆಗ ಮತ್ತೆ ಮೇಳ ಕಟ್ಟಿಸಲೇಬೇಕು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಮೇಣದಲ್ಲಿ ಕೂರಿಸಬೇಕು. ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಕಲಿಯುವವರಿಗೆ ಒಳ್ಳೆಯ ಜೋಡಣೆ ವೀಣೆಯೇ ಸಾಕು. ಕೆಟ್ಟ ಮೇಳದ ಏಕಾಂಡಕ್ಕಿಂತ ಚೆನ್ನಾಗಿ ಮೇಳ ಕಟ್ಟಿದ ಜೋಡಣೆಯದೇ ಲೇಸು. ಕಛೇರಿಗೆ ನುಡಿಸುವವರು ಏಕಾಂಡಕ್ಕಾಗಿ ಕಾಯಬಹುದು.